ಹಳೆ ಪೆಟ್ರೋಲ್ ಕಾರಿಗೆ ಇಗ್ನಿಷನ್ ಸಾಮಾನು: ಮಲೆನಾಡಿನಲ್ಲಿದ್ದುಕೊಂಡೇ ಹುಡುಕುವ ಬಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. "ಅಪ್ಪನ ಕಾಲದ ಅಂಬಾಸಿಡರ್ ಇದೆ, ಸ್ಟಾರ್ಟ್ ಆಗ್ತಿಲ್ಲ, ಪಾಯಿಂಟ್ ಹೋಗಿದೆ ಅಂತಾರೆ, ಎಲ್ಲಿ ಸಿಗುತ್ತೆ?" ಕೆಲವರದ್ದು ಪದ್ಮಿನಿ, ಕೆಲವರದ್ದು ಸ್ಟ್ಯಾಂಡರ್ಡ್ ಹೆರಾಲ್ಡ್, ತೋಟದ ಮನೆಗಳಲ್ಲಿ ವಿಲ್ಲಿಸ್ ಅಥವಾ ಹಳೆ ಮಹೀಂದ್ರ ಪೆಟ್ರೋಲ್ ಜೀಪು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಇದು ಪೆಟ್ರೋಲ್ ಗಾಡಿಗೆ ಮಾತ್ರ. ನಿಮ್ಮ ಗಾಡಿಗೆ ಯಾವಾಗಲೋ ಡೀಸೆಲ್ ಎಂಜಿನ್ ಕೂರಿಸಿದ್ದರೆ ಅದರಲ್ಲಿ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಈ ಇಗ್ನಿಷನ್ ಸಾಮಾನುಗಳೇ ಇರುವುದಿಲ್ಲ.

ಮೊದಲೇ ಒಂದು ಮಾತು. ಅಂಗಡಿಯಲ್ಲಿ ಕಾರಿನ ಹೆಸರು ಹೇಳಿ ಸಾಮಾನು ಕೇಳಬೇಡಿ. ಡಿಸ್ಟ್ರಿಬ್ಯೂಟರಿನ (ಕಿಡಿಯನ್ನು ಒಂದೊಂದು ಸಿಲಿಂಡರಿಗೂ ಹಂಚುವ ಭಾಗ) ಹೆಸರು ಮತ್ತು ನಂಬರ್ ಹೇಳಿ ಕೇಳಿ. ನಲವತ್ತು ಐವತ್ತು ವರ್ಷ ಓಡಿದ ಗಾಡಿಯಲ್ಲಿ ಯಾರು ಯಾವಾಗ ಏನು ಬದಲಿಸಿದ್ದಾರೆ ಅಂತ ಹೇಳಲಾಗದು. ಆರ್‌ಸಿ ಪುಸ್ತಕದಲ್ಲಿ ಒಂದು ಇರುತ್ತದೆ, ಬಾನೆಟ್ ಕೆಳಗೆ ಇನ್ನೊಂದು ಇರುತ್ತದೆ. ಮುಂದೆ ಹೇಳುವುದೆಲ್ಲ ಈ ಮಾತಿನ ಮೇಲೆಯೇ ನಿಂತಿದೆ.

ಏನೇನು ಬೇಕು

ಒಂದು ಮಲ್ಟಿಮೀಟರ್, ಒಂದು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳ ಕಟ್ಟು), 12 ವೋಲ್ಟಿನ ಟೆಸ್ಟ್ ಲ್ಯಾಂಪ್, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್, ಒಳ್ಳೆಯ ಫೋಟೊ ತೆಗೆಯುವ ಫೋನ್. ಇಷ್ಟಿದ್ದರೆ ಸಾಕು.

ಹೆಸರುಗಳನ್ನೂ ತಿಳಿದುಕೊಂಡುಬಿಡಿ. ಕಾಯಿಲ್ ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಪಾಯಿಂಟ್ ಅಂದರೆ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್. ಅದು ತೆರೆದ ಕ್ಷಣದಲ್ಲೇ ಕಾಯಿಲ್‌ನಲ್ಲಿ ಕಿಡಿಯ ಶಕ್ತಿ ಹುಟ್ಟುತ್ತದೆ. ಕಂಡೆನ್ಸರ್ ಬೆರಳ ತುದಿಯಷ್ಟು ದೊಡ್ಡ ಡಬ್ಬಿ. ಪಾಯಿಂಟ್ ತೆರೆದಾಗ ಅಲ್ಲೇ ಕಿಡಿ ಹಾರಿ ಸುಟ್ಟುಹೋಗದಂತೆ ಅದು ತಡೆಯುತ್ತದೆ. ರೋಟರ್ ಸುತ್ತುತ್ತಾ ಕಿಡಿಯನ್ನು ಕ್ಯಾಪಿನ, ಅಂದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದ, ಒಳಗಿರುವ ನಾಲ್ಕು ಟರ್ಮಿನಲ್ ಕಡೆಗೆ ಹಂಚುತ್ತದೆ. ಅಲ್ಲಿಂದ ಎಚ್‌ಟಿ ವೈರ್, ಅಂದರೆ ದಪ್ಪ ಪ್ಲಗ್ ವೈರ್, ಸ್ಪಾರ್ಕ್ ಪ್ಲಗ್ಗಿಗೆ ಒಯ್ಯುತ್ತದೆ.

1. ಯಾವ ಸಾಮಾನು ಹೋಗಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಹೆಚ್ಚಿನವರು ಮೊದಲು ಕಾಯಿಲ್ ತರುತ್ತಾರೆ, ಆಮೇಲೆ ಪ್ಲಗ್, ಆಮೇಲೆ ಪಾಯಿಂಟ್. ಸುಮ್ನೆ ದುಡ್ಡು ಖರ್ಚು. ಎರಡು ಪರೀಕ್ಷೆ ಸಾಕು.

ಒಂದು, ಕಾಯಿಲ್‌ನಿಂದ ಕ್ಯಾಪಿನ ನಡುವಿಗೆ ಬರುವ ದಪ್ಪ ವೈರನ್ನು ಕ್ಯಾಪಿನಿಂದ ಕಿತ್ತು, ರಬ್ಬರ್ ಹಿಡಿಯ ಪ್ಲೇಯರ್‌ನಲ್ಲಿ ಹಿಡಿದು, ತುದಿಯನ್ನು ಎಂಜಿನ್ ಬ್ಲಾಕಿನಿಂದ ಸುಮಾರು 6 ಮಿ.ಮೀ. ದೂರ ಇಟ್ಟು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ನೀಲಿ ಬಣ್ಣದ ಗಟ್ಟಿ ಕಿಡಿ ಬಂದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ಕೆಲಸ ಮಾಡುತ್ತಿವೆ. ತೊಂದರೆ ರೋಟರ್, ಕ್ಯಾಪ್, ಪ್ಲಗ್ ವೈರ್ ಅಥವಾ ಪ್ಲಗ್ಗಿನಲ್ಲಿ.

ಎರಡು, ಕಿಡಿ ಬರದಿದ್ದರೆ ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್ ಕಡೆ ಹೋಗುವ ಸಣ್ಣ ವೈರಿನ ಟರ್ಮಿನಲ್‌ಗೆ ಒಂದು ತುದಿ, ಗಾಡಿಯ ಲೋಹದ ಬಾಡಿಗೆ ಇನ್ನೊಂದು ತುದಿ. ಇಗ್ನಿಷನ್ ಆನ್ ಮಾಡಿ ಸೆಲ್ಫ್ ಹೊಡೆದಾಗ ಲ್ಯಾಂಪ್ ಮಿಣುಕಬೇಕು. ಹತ್ತಿಕೊಂಡೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ ಅಥವಾ ಅದರ ಮೇಲೆ ಕೊಳೆ ಕೂತಿದೆ. ಹತ್ತುವುದೇ ಇಲ್ಲವಾದರೆ ಕಾಯಿಲ್‌ಗೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಕಂಡೆನ್ಸರ್ ಶಾರ್ಟ್ ಆಗಿದೆ. ಮಿಣುಕುತ್ತಿದ್ದೂ ಕಿಡಿ ಇಲ್ಲ ಅಂದರೆ ಆಗ ಕಾಯಿಲ್ ಮತ್ತು ಕಂಡೆನ್ಸರ್ ಮೇಲೆ ಅನುಮಾನ ಪಡಿ.

ಎಚ್ಚರಿಕೆ: ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರ ಬರಬಾರದು. ಕಾರ್ಬುರೇಟರಿನಿಂದ ಪೆಟ್ರೋಲ್ ಸೋರುತ್ತಿದ್ದರೆ ಕಿಡಿ ಪರೀಕ್ಷೆ ಮಾಡಲೇಬೇಡಿ, ಮೊದಲು ಅದನ್ನು ಸರಿಮಾಡಿಸಿ. ಎಂಜಿನ್ ಓಡದೆ ಇಗ್ನಿಷನ್ ಸ್ವಿಚ್ ಹಾಕಿಟ್ಟು ಮಾತಾಡುತ್ತಾ ನಿಲ್ಲಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿದ್ದರೆ ಕಾಯಿಲ್ ಕಾದು ಹಾಳಾಗುತ್ತದೆ.

ಮಳೆಗಾಲದಲ್ಲಿ ಮಾತ್ರ ಕೈಕೊಡುವ ಗಾಡಿಯಾದರೆ ಮೊದಲು ಕ್ಯಾಪ್ ನೋಡಿ. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುವ ಆಗುಂಬೆಯಂಥ ಕಡೆ ಕ್ಯಾಪಿನ ಒಳಗೆ ತೇವ ಕೂತು, ಕಿಡಿ ಆ ತೇವದ ಮೇಲೆ ಹರಿದು, ಕೂದಲೆಳೆಯಂಥ ಕಪ್ಪು ಗೆರೆ ಬೀಳುತ್ತದೆ. ಒಮ್ಮೆ ಗೆರೆ ಬಿದ್ದ ಕ್ಯಾಪ್ ಒರೆಸಿದರೆ ಸರಿಹೋಗುವುದಿಲ್ಲ, ಬದಲಿಸಲೇಬೇಕು. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದು ಎಂಜಿನ್ ಓಡಿಸಿ ನೋಡಿ. ವೈರುಗಳ ಸುತ್ತ ನೀಲಿ ಕಿಡಿ ಹರಿಯುವುದು ಕಂಡರೆ ಯಾವ ವೈರ್ ಹೋಗಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

2. ಡಿಸ್ಟ್ರಿಬ್ಯೂಟರಿನ ಗುರುತು ಬರೆದುಕೊಳ್ಳಿ

ಡಿಸ್ಟ್ರಿಬ್ಯೂಟರಿನ ಬಾಡಿಯ ಮೇಲೆ ಕಂಪನಿ ಹೆಸರು, ಮಾಡೆಲ್, ನಂಬರ್ ಒತ್ತಿರುತ್ತಾರೆ. ಎಣ್ಣೆ ಜಿಡ್ಡಿನಲ್ಲಿ ಮುಚ್ಚಿಹೋಗಿರುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಫೋಟೊ ತೆಗೆಯಿರಿ. 1489 ಸಿಸಿ ಎಂಜಿನ್‌ನ ಅಂಬಾಸಿಡರ್‌ನಲ್ಲಿ ಲ್ಯೂಕಾಸ್ ಮಾದರಿಯದ್ದು ಇರುವುದು ಜಾಸ್ತಿ. 1961ರಲ್ಲಿ ಶುರುವಾದ ಚೆನ್ನೈನ ಲ್ಯೂಕಾಸ್ ಟಿವಿಎಸ್ ಇವನ್ನು ಇಲ್ಲೇ ತಯಾರಿಸುತ್ತಿತ್ತು. ವಿಲ್ಲಿಸ್ ಜೀಪುಗಳಲ್ಲಿ ಮೂಲದಲ್ಲಿ ಆಟೋಲೈಟ್ ಇರಬಹುದು, ಆದರೆ ನಮ್ಮ ಕಡೆಯ ಜೀಪುಗಳಲ್ಲಿ ಬದಲಾಯಿಸಿರುವುದೂ ಉಂಟು. ಕೊನೆಯ ಕಾಲದ ಅಂಬಾಸಿಡರ್‌ಗಳಲ್ಲಿ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂತು. ಅದರ ಸಾಮಾನೇ ಬೇರೆ. "ಅಂಬಾಸಿಡರ್ ಕ್ಯಾಪ್ ಕೊಡಿ" ಎಂದಷ್ಟೇ ಕೇಳಿದರೆ ಎಡವುವುದು ಇಲ್ಲಿಯೇ.

ಇವನ್ನೂ ಬರೆದಿಟ್ಟುಕೊಳ್ಳಿ: ಕ್ಯಾಪಿಗೆ ವೈರ್ ಮೇಲಿನಿಂದ ಹೋಗುತ್ತದೋ ಪಕ್ಕದಿಂದಲೋ, ಕ್ಯಾಪ್ ಕ್ಲಿಪ್ಪಿನಲ್ಲಿ ನಿಂತಿದೆಯೋ ಸ್ಕ್ರೂನಲ್ಲೋ, ರೋಟರ್ ಎತ್ತರ ಎಷ್ಟು, ಪಾಯಿಂಟ್ ಒಂದೇ ತುಂಡೋ ಎರಡು ಬಿಡಿ ತುಂಡೋ.

ಬ್ಯಾಟರಿಯನ್ನೂ ನೋಡಿ. ಬಾಡಿಗೆ ಮೈನಸ್ ಕಟ್ಟಿದ್ದಾರೋ ಪ್ಲಸ್ ಕಟ್ಟಿದ್ದಾರೋ? ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಪ್ಲಸ್ ಅನ್ನು ಬಾಡಿಗೆ ಕಟ್ಟುವ ಪದ್ಧತಿ ಇತ್ತು, ಇದನ್ನೇ ಪಾಸಿಟಿವ್ ಅರ್ಥ್ ಅನ್ನುತ್ತಾರೆ. ತುಂಬಾ ಹಳೆ ಜೀಪುಗಳಲ್ಲಿ 6 ವೋಲ್ಟ್ ಇರುವುದೂ ಉಂಟು. ಆರು ವೋಲ್ಟಿನ ಕಾಯಿಲ್ ತಂದು 12 ವೋಲ್ಟ್ ಗಾಡಿಗೆ ಹಾಕಿದರೆ ಹೆಚ್ಚು ಹೊತ್ತು ಬಾಳುವುದಿಲ್ಲ.

ಇನ್ನೊಂದು ಮುಖ್ಯ ಪರೀಕ್ಷೆ ಇದೆ. ರೋಟರ್ ತೆಗೆದು ನಡುವಿನ ಶಾಫ್ಟನ್ನು ಬೆರಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಗಡಗಡ ಆಡಿದರೆ, ಆಡಿದಂತೆ ಪಾಯಿಂಟಿನ ಸಂದು ಹೆಚ್ಚುಕಡಿಮೆ ಆದರೆ, ಒಳಗಿನ ಬುಷ್ (ಶಾಫ್ಟ್ ಸುತ್ತುವ ಲೋಹದ ಕೊಳವೆ) ಸವೆದಿದೆ. ಅಂಥ ಡಿಸ್ಟ್ರಿಬ್ಯೂಟರಿಗೆ ಎಷ್ಟೇ ಒಳ್ಳೆಯ ಪಾಯಿಂಟ್ ಹಾಕಿದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಈ ಒಂದು ವಿಷಯದಲ್ಲಿ ಶಿವಮೊಗ್ಗದವರು ಅದೃಷ್ಟವಂತರು. ಫೌಂಡ್ರಿ, ಮೆಷಿನಿಂಗ್ ಕೆಲಸಕ್ಕೆ ಹೆಸರಾದ ಊರು ನಮ್ಮದು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ, ಊರೊಳಗೆ ಲೇತ್ ಅಂಗಡಿಗಳಿವೆ. ಒಳ್ಳೆಯ ಟರ್ನರ್ ಕೈಯಲ್ಲಿ ಕಂಚಿನ ಬುಷ್ ಮಾಡಿಸಿ ಕೂರಿಸಿಕೊಳ್ಳಬಹುದು, ಹೊಸ ಡಿಸ್ಟ್ರಿಬ್ಯೂಟರ್ ಹುಡುಕುವ ತಾಪತ್ರಯವೇ ತಪ್ಪುತ್ತದೆ. ಎಣ್ಣೆ ಹೀರುವ ಜಾತಿಯ ಬುಷ್ ಆದರೆ ಕೂರಿಸುವ ಮೊದಲು ಒಂದು ದಿನ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಲು ಹೇಳಿ.

ಡಿಸ್ಟ್ರಿಬ್ಯೂಟರ್ ಬಿಚ್ಚುವ ಮುಂಚೆ ರೋಟರ್ ಯಾವ ಕಡೆ ಮುಖ ಮಾಡಿದೆ, ಅದರ ಬಾಡಿ ಎಂಜಿನ್ ಬ್ಲಾಕಿಗೆ ಎಲ್ಲಿ ಕೂತಿದೆ ಎರಡಕ್ಕೂ ಪೇಂಟಿನಲ್ಲಿ ಗುರುತು ಹಾಕಿ. ಬಿಚ್ಚಿದ ಮೇಲೆ ಎಂಜಿನ್ ತಿರುಗಿಸಬೇಡಿ.

3. ಎಲ್ಲಿ ಹುಡುಕುವುದು

ಹತ್ತಿರದಿಂದಲೇ ಶುರುಮಾಡಿ. ಶಿವಮೊಗ್ಗದ ಬಿ.ಎಚ್. ರಸ್ತೆ, ಸಾಗರ ರಸ್ತೆ ಕಡೆಯ ಹಳೆ ಸ್ಪೇರ್ ಅಂಗಡಿಗಳಲ್ಲಿ ಕೇಳಿ. ಹೊಸ ಹುಡುಗರು "ಇಲ್ಲ ಸಾರ್" ಅಂದುಬಿಡುತ್ತಾರೆ. ಅಷ್ಟಕ್ಕೇ ಹೊರಡಬೇಡಿ. ಅಂಗಡಿಯ ಹಿರಿಯರು ಯಾವಾಗ ಬರುತ್ತಾರೆ ಎಂದು ಕೇಳಿ, ಆಗ ಹೋಗಿ, ಹಳೆ ಸಾಮಾನನ್ನು ಕೌಂಟರ್ ಮೇಲೆ ಇಟ್ಟು, "ಯಜಮಾನ್ರೇ, ಇಂಥದ್ದು ಅಟ್ಟದ ಮೇಲೆ ಏನಾದರೂ ಉಳಿದಿದೆಯಾ?" ಎಂದು ಕೇಳಿ. ವರ್ಷಗಟ್ಟಲೆ ಯಾರೂ ಕೇಳದ ಡಬ್ಬಿಗಳು ಕಂಪ್ಯೂಟರ್ ಲೆಕ್ಕದಲ್ಲಿ ಇರುವುದಿಲ್ಲ, ಅವರ ನೆನಪಿನಲ್ಲಿರುತ್ತವೆ.

ಆಮೇಲೆ ಆಟೋ ಎಲೆಕ್ಟ್ರಿಷಿಯನ್‌ಗಳು. ಸಾಮಾನು ಅವರ ಹತ್ತಿರ ಇಲ್ಲದಿದ್ದರೂ ಯಾರ ಹತ್ತಿರ ಇದೆ ಎಂದು ಗೊತ್ತಿರುತ್ತದೆ. ಜೀಪಿನವರು ಕೊಪ್ಪ, ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯೂ ಕೇಳಬೇಕು. ಕಾಫಿ ತೋಟದ ಸೀಮೆಯಲ್ಲಿ ಜೀಪು ಬಹಳ ಓಡಿವೆ, ಹಳೆ ಗ್ಯಾರೇಜುಗಳಲ್ಲಿ ಸಾಮಾನು ಉಳಿದಿರುವ ಸಾಧ್ಯತೆ ಜಾಸ್ತಿ.

ಇಲ್ಲಿ ಸಿಗದಿದ್ದರೆ ಬೆಂಗಳೂರು. ಹೊಸ ಸಾಮಾನಿಗೆ ಜೆ.ಸಿ. ರಸ್ತೆ, ಗುಜರಿಯಲ್ಲಿ ಬಿಚ್ಚಿದ್ದಕ್ಕೆ ಶಿವಾಜಿನಗರ. ಅದರಾಚೆ ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ಕೋಲ್ಕತ್ತದ ಮಲ್ಲಿಕ್ ಬಜಾರ್, ದೆಹಲಿಯ ಕಶ್ಮೀರಿ ಗೇಟ್. ಅಂಬಾಸಿಡರ್‌ನವರಿಗೆ ಕೋಲ್ಕತ್ತ ದೊಡ್ಡ ಆಸರೆ. ಕಾರು ತಯಾರಾಗುತ್ತಿದ್ದ ಉತ್ತರಪಾರಾ ಅದರ ಪಕ್ಕದಲ್ಲೇ ಇದೆ, 2014ರಲ್ಲಿ ಕಾರ್ಖಾನೆ ನಿಂತ ಮೇಲೂ ಅಲ್ಲಿನ ಹಳದಿ ಟ್ಯಾಕ್ಸಿಗಳಿಗಾಗಿ ಸಾಮಾನಿನ ವ್ಯಾಪಾರ ನಡೆಯಿತು. ಪದ್ಮಿನಿಯವರಿಗೆ ಇದೇ ಕಾರಣಕ್ಕೆ ಮುಂಬೈ. ಅಲ್ಲಿನ ಕಪ್ಪು ಹಳದಿ ಟ್ಯಾಕ್ಸಿಗಳೆಲ್ಲ ಒಂದು ಕಾಲಕ್ಕೆ ಪದ್ಮಿನಿಗಳೇ ಅಲ್ವಾ.

ಅಲ್ಲಿಗೆಲ್ಲ ಹೋಗಬೇಕಾಗಿಲ್ಲ. ವಾಟ್ಸಾಪ್‌ನಲ್ಲಿ ಕೇಳಿದರೆ ಸಾಕು, ಆದರೆ ಸರಿಯಾಗಿ ಕೇಳಬೇಕು. "ಅಂಬಾಸಿಡರ್ ಪಾಯಿಂಟ್ ಇದೆಯಾ" ಅಂತ ಕಳಿಸಿದರೆ ಉತ್ತರವೇ ಬರುವುದಿಲ್ಲ. ಹೀಗೆ ಬರೆಯಿರಿ: "1972ರ ಅಂಬಾಸಿಡರ್ ಮಾರ್ಕ್ 2, ಪೆಟ್ರೋಲ್, 1489 ಸಿಸಿ. ಲ್ಯೂಕಾಸ್ ಡಿಸ್ಟ್ರಿಬ್ಯೂಟರ್, ನಂಬರ್ ಫೋಟೊದಲ್ಲಿದೆ. ಪಾಯಿಂಟ್ ಎರಡು ಸೆಟ್, ರೋಟರ್ ಒಂದು, ಪಕ್ಕದಿಂದ ವೈರ್ ಹೋಗುವ ಕ್ಯಾಪ್ ಒಂದು ಬೇಕು. ನಿಮ್ಮಲ್ಲಿರುವ ಸಾಮಾನಿನ ಎರಡೂ ಬದಿಯ ಫೋಟೊ ಕಳಿಸಿ." ಹಳೆ ಸಾಮಾನಿನ ಪಕ್ಕ ಸ್ಕೇಲ್ ಇಟ್ಟು ತೆಗೆದ ಫೋಟೊ ಸೇರಿಸಿ. ಅವರು ಕಳಿಸುವ ಫೋಟೊ ಅವರ ಕೈಲಿರುವ ಸಾಮಾನಿನದ್ದೇ ಆಗಿರಬೇಕು, ಇಂಟರ್ನೆಟ್ಟಿನಿಂದ ಇಳಿಸಿದ್ದಲ್ಲ. ಅದನ್ನು ನೋಡದೆ ದುಡ್ಡು ಕಳಿಸಬೇಡಿ.

ವಿದೇಶದಿಂದ ತರಿಸುವವರಿಗೆ ಒಂದು ದಾರಿ ಹೇಳುತ್ತೇನೆ. ಅಂಬಾಸಿಡರ್ ಹೆಸರಲ್ಲಿ ಹುಡುಕಿದರೆ ಹೆಚ್ಚೇನೂ ಸಿಗದು. ಅದರ 1489 ಸಿಸಿ ಎಂಜಿನ್ ಬ್ರಿಟನ್ನಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ ಸರಣಿಯದ್ದು. ಮಾರಿಸ್ ಆಕ್ಸ್‌ಫರ್ಡ್, ಎಂಜಿಎ ಕಾರುಗಳಲ್ಲೂ ಇದೇ ಸರಣಿಯ ಎಂಜಿನ್ ಇತ್ತು. ಆ ಕಾರುಗಳನ್ನು ಪ್ರೀತಿಯಿಂದ ಸಾಕಿಕೊಂಡವರು ಅಲ್ಲಿ ತುಂಬಾ ಜನ ಇರುವುದರಿಂದ ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನ ಸಾಮಾನು ಈಗಲೂ ಹೊಸದಾಗಿ ತಯಾರಾಗುತ್ತದೆ. ಹೆರಾಲ್ಡ್ ಇದ್ದವರು ಟ್ರಯಂಫ್ ಹೆರಾಲ್ಡ್ ಎಂದು ಹುಡುಕಿ. 45ಡಿ4 ಎಂಬ ಇನ್ನೊಂದು ಮಾದರಿ ಇದೆ, ಹೆಸರು ಹತ್ತಿರ ಇದ್ದರೂ ಅದರ ಕ್ಯಾಪ್, ರೋಟರ್ 25ಡಿ4ಗೆ ಕೂರುವುದಿಲ್ಲ. ಕಸ್ಟಮ್ಸ್ ಸುಂಕ ಮತ್ತು ಕೊರಿಯರ್ ಖರ್ಚು ಸೇರಿಸಿ ಲೆಕ್ಕ ಹಾಕಿ, ಒಂದೇ ರೋಟರಿಗಾಗಿ ತರಿಸಬೇಡಿ.

4. ಕೈಗೆ ಬಂದ ಸಾಮಾನನ್ನು ಪರೀಕ್ಷಿಸುವುದು

ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಎಂದು ನಂಬಬೇಡಿ. ಇವತ್ತು ಇಗ್ನಿಷನ್ ಸಾಮಾನಿನಲ್ಲಿ ಕಳಪೆ ಮಾಲು ಜಾಸ್ತಿ ಇದೆ, ನನಗೆ ಬೇಸರ ತರಿಸುವ ಸಂಗತಿ ಇದು. ಒಳ್ಳೆಯ ಹಳೆ ಸಾಮಾನು ಕಿತ್ತೆಸೆದು ಕೆಟ್ಟ ಹೊಸದು ಹಾಕಿ, ಗಾಡಿಯೇ ಸರಿ ಇಲ್ಲ ಎಂದು ಮಾರಿಬಿಟ್ಟವರಿದ್ದಾರೆ.

ರೋಟರ್: ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ರೋಟರುಗಳಲ್ಲಿ ಆ ರಿವೆಟ್ ಮೂಲಕವೇ ಕಿಡಿ ಒಳಗಿನ ಶಾಫ್ಟಿಗೆ ಇಳಿದುಬಿಡುತ್ತದೆ. ಪರೀಕ್ಷೆ ಸುಲಭ. ಕ್ಯಾಪ್ ತೆಗೆದು, ರೋಟರ್ ಅದರ ಜಾಗದಲ್ಲಿರುವಾಗ, ಕಾಯಿಲ್‌ನ ದಪ್ಪ ವೈರನ್ನು ಪ್ಲೇಯರ್‌ನಲ್ಲಿ ಹಿಡಿದು ರೋಟರಿನ ನಡುವಿನ ಲೋಹದಿಂದ ಸ್ವಲ್ಪ ಮೇಲಿಟ್ಟು ಸೆಲ್ಫ್ ಹೊಡೆಯಿಸಿ. ಕಿಡಿ ರೋಟರಿಗೆ ಹಾರಿದರೆ ಅದು ಸೋರುತ್ತಿದೆ, ವಾಪಸ್ ಕೊಡಿ. ರಿವೆಟ್ ಇಲ್ಲದ ರೋಟರ್ ಸಿಕ್ಕರೆ ಅದನ್ನೇ ಆರಿಸಿ.

ಕ್ಯಾಪ್: ಬೆಳಕಿಗೆ ಹಿಡಿದು ಬಿರುಕು ನೋಡಿ. ನಡುವಿನ ಕಾರ್ಬನ್ ಕಡ್ಡಿಯನ್ನು ಬೆರಳಲ್ಲಿ ಒತ್ತಿದರೆ ಸ್ಪ್ರಿಂಗ್‌ನಿಂದ ಹಿಂದಕ್ಕೆ ಬರಬೇಕು.

ಪಾಯಿಂಟ್: ಎರಡು ತುದಿಗಳು ಒಂದಕ್ಕೊಂದು ನೇರ ಕೂರಬೇಕು. ಕ್ಯಾಮ್ (ಶಾಫ್ಟಿನ ಮೇಲಿನ ಉಬ್ಬುಗಳಿರುವ ಭಾಗ) ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ಗಟ್ಟಿಯಾಗಿರಬೇಕು, ಅದು ಮೆತ್ತಗಿದ್ದರೆ ಬೇಗ ಸವೆದು ಸಂದು ಮುಚ್ಚಿಕೊಳ್ಳುತ್ತದೆ. ಹಳೆ ಸ್ಟಾಕಿನ ಪಾಯಿಂಟ್ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ ಅನ್ನುತ್ತೇನೆ, ತುದಿಯ ಮೇಲಿನ ಮಂಕನ್ನು ಒರೆಸಿದರೆ ಸಾಕು.

ಕಂಡೆನ್ಸರ್ ವಿಷಯದಲ್ಲಿ ಮಾತ್ರ ಹಳೆ ಸ್ಟಾಕ್ ನಂಬಬೇಡಿ. ಬಳಸದೇ ಇಟ್ಟರೂ ಅದು ವಯಸ್ಸಾದಂತೆ ಕೆಡುತ್ತದೆ. ಕೆಪಾಸಿಟಿ ಅಳೆಯುವ ಮಲ್ಟಿಮೀಟರ್‌ನಲ್ಲಿ ಸುಮಾರು 0.18ರಿಂದ 0.25 ಮೈಕ್ರೋಫ್ಯಾರಡ್ ತೋರಿಸಬೇಕು. ಮೀಟರಿನಲ್ಲಿ ಸರಿ ತೋರಿಸಿ ಎಂಜಿನ್ ಬಿಸಿಯಾದ ಮೇಲೆ ಕೈಕೊಡುವವೂ ಇವೆ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಘಾಟಿ ಹತ್ತುವಾಗ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಆಗುವ ಗಾಡಿಯಲ್ಲಿ ಕಂಡೆನ್ಸರ್ ಮತ್ತು ಕಾಯಿಲ್ ಎರಡನ್ನೂ ಅನುಮಾನಿಸಿ. ಪಾಯಿಂಟ್ ತುದಿಗಳು ಬೇಗ ಸುಟ್ಟು ನೀಲಿಯಾಗುತ್ತಿದ್ದರೂ ಮೊದಲ ಅನುಮಾನ ಕಂಡೆನ್ಸರ್ ಮೇಲೆಯೇ.

ಕಾಯಿಲ್: ಇಲ್ಲಿ ಜನ ತುಂಬಾ ಎಡವುತ್ತಾರೆ. ನೋಡಲು ಒಂದೇ ಥರ ಇರುವ ಎರಡು ಜಾತಿ ಇದೆ. ನೇರ 12 ವೋಲ್ಟಿಗೆ ಕೂರುವುದರಲ್ಲಿ ಎರಡು ಸಣ್ಣ ಟರ್ಮಿನಲ್ ನಡುವೆ ಸುಮಾರು 3 ಓಮ್ ರೆಸಿಸ್ಟೆನ್ಸ್ ಇರುತ್ತದೆ, ಇನ್ನೊಂದರಲ್ಲಿ ಸುಮಾರು 1.5 ಓಮ್. ಎರಡನೆಯದಕ್ಕೆ ಬ್ಯಾಲಸ್ಟ್ ಎಂಬ ಹೊರಗಿನ ರೆಸಿಸ್ಟರ್ ಬೇಕೇ ಬೇಕು. ಅದಿಲ್ಲದ ಗಾಡಿಗೆ 1.5 ಓಮ್ ಕಾಯಿಲ್ ಹಾಕಿದರೆ ಕಾಯಿಲ್ ಕಾಯುತ್ತದೆ, ಪಾಯಿಂಟ್ ಸುಡುತ್ತದೆ. ಅಂಗಡಿಗೆ ಮಲ್ಟಿಮೀಟರ್ ಒಯ್ಯಿರಿ, ಅಲ್ಲೇ ಅಳೆಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹಳೆ ಲ್ಯೂಕಾಸ್ ಕಾಯಿಲ್ ಮೇಲೆ ಎಸ್‌ಡಬ್ಲ್ಯು ಮತ್ತು ಸಿಬಿ ಎಂದು ಬರೆದಿರುತ್ತದೆ. ಎಸ್‌ಡಬ್ಲ್ಯು ಇಗ್ನಿಷನ್ ಸ್ವಿಚ್ ಕಡೆಗೆ, ಸಿಬಿ ಡಿಸ್ಟ್ರಿಬ್ಯೂಟರ್ ಕಡೆಗೆ. ಹೊಸದರಲ್ಲಿ ಪ್ಲಸ್ ಮೈನಸ್ ಇರುತ್ತದೆ. ಮೈನಸ್ ಬಾಡಿಗೆ ಕಟ್ಟಿದ ಗಾಡಿಯಲ್ಲಿ ಕಾಯಿಲ್‌ನ ಪ್ಲಸ್ ಸ್ವಿಚ್ಚಿಗೆ, ಮೈನಸ್ ಡಿಸ್ಟ್ರಿಬ್ಯೂಟರಿಗೆ. ಪ್ಲಸ್ ಬಾಡಿಗೆ ಕಟ್ಟಿದ್ದರೆ ಇದು ಉಲ್ಟಾ. ತಪ್ಪಾಗಿ ಕೊಟ್ಟರೂ ಗಾಡಿ ಓಡುತ್ತದೆ, ಆದರೆ ಕಿಡಿ ದುರ್ಬಲವಾಗಿರುತ್ತದೆ, ಹಾಗಾಗಿ ಎಷ್ಟೋ ವರ್ಷ ಯಾರಿಗೂ ಗೊತ್ತಾಗುವುದೇ ಇಲ್ಲ.

ಪ್ಲಗ್ ವೈರ್: ಹಳೆ ಕ್ಯಾಪುಗಳಲ್ಲಿ ವೈರನ್ನು ಒಳಗಿನಿಂದ ಚೂಪು ಸ್ಕ್ರೂ ಚುಚ್ಚಿ ಹಿಡಿಯುತ್ತದೆ. ಇದಕ್ಕೆ ತಾಮ್ರದ ಎಳೆಯ ವೈರೇ ಬೇಕು. ಈಗಿನ ಕಾರ್ಬನ್ ಎಳೆಯ ವೈರ್ ಹಾಕಿದರೆ ಸ್ಕ್ರೂ ಸರಿಯಾಗಿ ತಾಗುವುದಿಲ್ಲ.

ಸ್ಪಾರ್ಕ್ ಪ್ಲಗ್: ಬೆಂಗಳೂರಿನ ಮೈಕೋ ಹೆಸರಿನ ಹಳೆ ಡಬ್ಬಿಗಳು ಇನ್ನೂ ಸಿಗುವುದುಂಟು. ಆ ಕಂಪನಿ 2008ರಿಂದ ಬಾಷ್ ಹೆಸರಿನಲ್ಲಿದೆ. ಯಾವುದೇ ಕಂಪನಿಯದಾದರೂ ಥ್ರೆಡ್ಡಿನ ಉದ್ದ ಅಳೆಯಿರಿ. 9.5, 12.7, 19 ಮಿ.ಮೀ. ಹೀಗೆ ಬೇರೆ ಬೇರೆ ಇವೆ. ಗಿಡ್ಡ ಪ್ಲಗ್ಗಿನ ಜಾಗಕ್ಕೆ ಉದ್ದದ್ದು ಹಾಕಿದರೆ ಒಳಗೆ ಪಿಸ್ಟನ್ ಅಥವಾ ವಾಲ್ವಿಗೆ ಬಡಿದು ಎಂಜಿನ್ನೇ ಹೋಗಬಹುದು.

5. ಕೂರಿಸುವಾಗ

ಒಂದು ಸಲಕ್ಕೆ ಒಂದೇ ಸಾಮಾನು ಬದಲಿಸಿ, ಎಂಜಿನ್ ಓಡಿಸಿ ನೋಡಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಬದಲಿಸಿ ಗಾಡಿ ನಿಂತರೆ ಯಾವುದರಿಂದ ನಿಂತಿತು ಎಂದು ಹೇಳಲು ಬರುವುದಿಲ್ಲ.

ಲ್ಯೂಕಾಸ್ 25ಡಿ4ಗೆ ಪಾಯಿಂಟಿನ ಸಂದು 0.35ರಿಂದ 0.40 ಮಿ.ಮೀ. ವಿಲ್ಲಿಸ್ ಜೀಪಿಗೆ 0.5 ಮಿ.ಮೀ. ಹಿಮ್ಮಡಿ ಕ್ಯಾಮಿನ ಎತ್ತರದ ಜಾಗದಲ್ಲಿ ನಿಂತಾಗ ಅಳೆಯಬೇಕು. ಎರಡು ತುಂಡಿನ ಪಾಯಿಂಟಿನಲ್ಲಿ ಫೈಬರ್ ವಾಷರುಗಳಿರುತ್ತವೆ, ಅವನ್ನು ಇದ್ದ ಕ್ರಮದಲ್ಲೇ ಹಾಕಿ. ಕ್ರಮ ತಪ್ಪಿದರೆ ಪಾಯಿಂಟ್ ಬಾಡಿಗೆ ಶಾರ್ಟ್ ಆಗಿ ಕಿಡಿಯೇ ಬರುವುದಿಲ್ಲ. ಕ್ಯಾಮ್ ಮೇಲೆ ಶಾಖ ತಡೆಯುವ ಗ್ರೀಸ್ ಚೂರೇ ಚೂರು ಸವರಿ, ಜಾಸ್ತಿಯಾದರೆ ಅದು ಸಿಡಿದು ಪಾಯಿಂಟ್ ಮೇಲೆ ಬೀಳುತ್ತದೆ. ಪಾಯಿಂಟಿನ ಸಂದು ಬದಲಾದರೆ ಟೈಮಿಂಗೂ (ಕಿಡಿ ಹಾರುವ ಹೊತ್ತು) ಬದಲಾಗುತ್ತದೆ, ಕೊನೆಗೆ ಅದನ್ನು ನೋಡಿಸಲೇಬೇಕು.

ವೈರ್ ಜೋಡಿಸುವ ಕ್ರಮ ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್, ಜೀಪು ಈ ನಾಲ್ಕೂ ಗಾಡಿಗಳಲ್ಲಿ 1-3-4-2. ರೇಡಿಯೇಟರ್ ಕಡೆಯದ್ದು ಒಂದನೇ ಸಿಲಿಂಡರ್. ರೋಟರ್ ಸುತ್ತುವ ದಿಕ್ಕಿನಲ್ಲೇ ಎಣಿಸಿ.

6. ಎಲೆಕ್ಟ್ರಾನಿಕ್ ಕಿಟ್ ಹಾಕಬೇಕೇ?

ಪಾಯಿಂಟ್ ಮತ್ತು ಕಂಡೆನ್ಸರ್ ತೆಗೆದು ಅದೇ ಜಾಗದಲ್ಲಿ ಕೂರಿಸುವ ಸಣ್ಣ ಎಲೆಕ್ಟ್ರಾನಿಕ್ ಕಿಟ್ ಬರುತ್ತದೆ. ದಿನಾ ಓಡಿಸುವ ಗಾಡಿಗೆ ಒಳ್ಳೆಯದೇ. ಆದರೆ ಪಾಸಿಟಿವ್ ಅರ್ಥ್‌ಗೆ ಬೇರೆ, ನೆಗೆಟಿವ್ ಅರ್ಥ್‌ಗೆ ಬೇರೆ. ತಪ್ಪು ಕೊಟ್ಟರೆ ಒಂದೇ ಸಲಕ್ಕೆ ಸುಟ್ಟುಹೋಗುತ್ತದೆ. ಎಷ್ಟು ಓಮಿನ ಕಾಯಿಲ್, ಎಂಥ ಪ್ಲಗ್ ವೈರ್ ಬೇಕು ಎಂದು ಅದರ ಚೀಟಿಯಲ್ಲಿ ಬರೆದಿರುತ್ತಾರೆ, ಅದನ್ನೇ ಹಾಕಿ. ನನ್ನ ಅಭಿಪ್ರಾಯ ಕೇಳಿದರೆ, ಪಾಯಿಂಟ್ ಇರುವ ಗಾಡಿ ಹುಲಿಕಲ್ ಘಾಟಿಯ ನಡುವೆ ನಿಂತರೂ ಉಜ್ಜಿ ಸರಿಮಾಡಿಕೊಂಡು ಮನೆ ಸೇರಬಹುದು, ಕಿಟ್ ಹೋದರೆ ಅಲ್ಲಿ ಏನೂ ಮಾಡಲು ಬರುವುದಿಲ್ಲ. 50 ವರ್ಷ ದಾಟಿದ ಗಾಡಿಯನ್ನು 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸುವ ಯೋಚನೆ ಇದ್ದರಂತೂ ಮೂಲ ಸಾಮಾನನ್ನು ಜೋಪಾನವಾಗಿ ಇಟ್ಟುಕೊಳ್ಳಿ.

7. ಮಳೆಗಾಲಕ್ಕೆ ಮೊದಲು

ಮೇ ತಿಂಗಳಲ್ಲೇ ಕ್ಯಾಪ್ ತೆಗೆದು ಒಳಗೆ ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ. ವೈರ್ ಸೇರುವ ಕಡೆ ರಬ್ಬರ್ ಟೋಪಿ ಹರಿದಿದ್ದರೆ ಬದಲಿಸಿ. ತೇವ ತಡೆಯುವ ಸಿಲಿಕೋನ್ ಸ್ಪ್ರೇ ಹೊರಗಡೆಗೆ ಹೊಡೆಯಬಹುದು. ಡಿಸ್ಟ್ರಿಬ್ಯೂಟರನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತುವ ಅಭ್ಯಾಸ ನಮ್ಮ ಕಡೆ ಇದೆ. ಮಾಡಬೇಡಿ, ಒಳಗೆ ಬೆವರಿ ತೇವ ಇನ್ನೂ ಜಾಸ್ತಿಯಾಗುತ್ತದೆ.

ಗಾಡಿಯಲ್ಲಿ ಸದಾ ಇರಬೇಕಾದ್ದು: ಒಂದು ಸೆಟ್ ಪಾಯಿಂಟ್, ಓಡಿಸಿ ನೋಡಿದ ಒಂದು ಕಂಡೆನ್ಸರ್, ಒಂದು ರೋಟರ್, ಸಣ್ಣ ಸ್ಕ್ರೂಡ್ರೈವರ್, ಫೀಲರ್ ಗೇಜ್, ನುಣುಪು ಎಮರಿ ಪೇಪರ್, ಒಣ ಬಟ್ಟೆ. ಇವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಸೀಟಿನ ಕೆಳಗಿಡಿ, ಡಿಕ್ಕಿಯಲ್ಲಿ ಬೇಡ, ಹಳೆ ಗಾಡಿಗಳ ಡಿಕ್ಕಿಯೊಳಗೆ ಮಳೆನೀರು ಇಳಿಯುತ್ತದೆ. ಕ್ಯಾಪ್, ಕಾಯಿಲ್ ಮನೆಯಲ್ಲಿ ಒಂದೊಂದು ಇದ್ದರೆ ಸಾಕು. ತೆಗೆದ ಹಳೆ ಸಾಮಾನಿಗೆ "ಓಡುತ್ತದೆ" ಅಥವಾ "ಹೋಗಿದೆ" ಎಂದು ಚೀಟಿ ಅಂಟಿಸಿ ಬೇರೆ ಬೇರೆ ಇಡಿ. ಹೋದದ್ದನ್ನೂ ಎಸೆಯಬೇಡಿ, ಮುಂದಿನ ಸಲ ಅಂಗಡಿಗೆ ಸ್ಯಾಂಪಲ್ ಒಯ್ಯಲು ಅದೇ ಬೇಕಾಗುತ್ತದೆ.